ಮೂರು ಗುಂಡಿಯ ಉತ್ತರ

ಬೇಸಿಗೆ ಶುರುವಾಗಿ ಹದಿನೈದು ದಿನವಾಗಿತ್ತು. ಬೆಳಗಿನ ಎಂಟೂವರೆ.

"ಮುಂಡೇದೇ, ತಲೇಲಿ ಏನ್ ತುಂಬ್ಕೊಂಡಿದೀಯ, ಹತ್ತೀನಾ?" ಎಂದು ಮೇಲ್ವಿಚಾರಕ ನನ್ನ ನಾದಿನಿಯ ಮುಖಕ್ಕೆ ಎಂಜಲು ಹಾರುವಂತೆ ಕೂಗುತ್ತಿದ್ದ. ಮಾತಿಗಿಂತ ಮೊದಲು ಸೀಟಿ ಊದುವುದು ಅವನ ಅಭ್ಯಾಸ. ಬೆನ್ನ ಹಿಂದೆ ನಾವು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದೆವು.

ನಮ್ಮದು ಮಕ್ಕಳ ಮೂರು ಗುಂಡಿಯ ಅಂಗಿ ಹೊಲಿಯುವ ಕಾರ್ಖಾನೆ. ನನ್ನದು ಇಸ್ತ್ರಿ, ನಾದಿನಿಯದು ಗುಂಡಿ ಹಚ್ಚುವ ಕೆಲಸ. ಅಂಗಿ ಕೊಳ್ಳುವ ಕಂಪನಿಯಿಂದ ಅವತ್ತು ತಪಾಸಣೆಗೆ ಒಬ್ಬ ಮೇಡಂ ಬರುವವರಿದ್ದರು. ಅವರು ಕೇಳುವ ಪ್ರಶ್ನೆಗಳ ಕಾಗದ ಸೀಟಿಯ ಕೈಗೆ ಮೊದಲೇ ಬಂದಿತ್ತು. ನಮಗೆಲ್ಲ ಬಾಯಿಪಾಠ.

"ಬೈತಾರಾ?"

"ಯಾವತ್ತೂ ಇಲ್ಲ."

"ಕುಡಿಯೋಕೆ ನೀರು?"

"ಕೇಳಿದಷ್ಟು."

"ಹಿಂದಿನ ಬಾಗ್ಲು ತೆಗೆದಿರುತ್ತಾ?"

"ಬೆಳಗ್ಗೆಯಿಂದ ಸಂಜೆವರೆಗೂ."

ಹಿಂದಿನ ಬಾಗಿಲಿಗೆ ಅಂಗೈಯಷ್ಟು ಬೀಗ. ನಾವು ಬಟ್ಟೆ ಕದ್ದೊಯ್ಯುತ್ತೇವೆಂದು ಮಾಲೀಕರ ಅನುಮಾನ. ಹೋದ ವರ್ಷ ಬೆಂಕಿ ಹತ್ತಿದಾಗ ಎಲ್ಲರೂ ಮುಂಬಾಗಿಲಿಗೇ ನುಗ್ಗಬೇಕಾಯಿತು. ಹಿಂದೆ ಸಿಕ್ಕಿಕೊಂಡ ನಾದಿನಿಯ ಎಡಗೈ ಮೊಣಕೈವರೆಗೆ ಬೆಂದಿತ್ತು. ಆ ಬೀಗ ತೆಗೆಸಿ ಎಂದು ವರ್ಷವಿಡೀ ಕೇಳಿದೆವು. "ಇನ್ನೊಂದ್ಸಲ ಬೆಂಕಿ ಬೀಳ್ಲಿ, ನೋಡೋಣ" ಎಂದಿದ್ದ ಸೀಟಿ.

"ನಂಗೆ ನೆನಪಿರಲ್ಲ ಅತ್ತಿಗೆ" ಎಂದಳು ನಾದಿನಿ.

ಅಂಗಿಯ ಮೇಲಿನ ಗುಂಡಿಗೆ ಮೊದಲ ಉತ್ತರ, ನಡುವಿನದಕ್ಕೆ ಎರಡನೆಯದು, ಕೆಳಗಿನದಕ್ಕೆ ಮೂರನೆಯದು ಎಂದು ನಾನೇ ಹೇಳಿಕೊಟ್ಟೆ. ಗುಂಡಿ ಹಚ್ಚುವುದು ಮೇಲಿನಿಂದ ಕೆಳಕ್ಕೆ. ಅದು ಅವಳ ಬೆರಳಿಗೇ ಗೊತ್ತು.

ಮೇಡಂ ಹನ್ನೊಂದಕ್ಕೆ ಬಂದರು. ಎಲ್ಲ ಕಡೆ ಮೇಲಿನಿಂದ ಕೇಳಿ ಕೇಳಿ ಬೇಸತ್ತಿದ್ದರೋ ಏನೋ, ಕಾಗದವನ್ನು ಕೆಳಗಿನಿಂದ ಹಿಡಿದರು.

"ಹಿಂದಿನ ಬಾಗಿಲು ತೆಗೆದಿರುತ್ತೇನಮ್ಮಾ?"

ನಾದಿನಿ ಕೈಯಲ್ಲಿದ್ದ ಅಂಗಿಯ ಮೇಲಿನ ಗುಂಡಿ ಮುಟ್ಟಿ, "ಯಾವತ್ತೂ ಇಲ್ಲ" ಎಂದಳು.

ಸೀಟಿಯ ಬಾಯಿಂದ ಸೀಟಿ ಜಾರಿ ಬಿತ್ತು.

"ನೀರು?"

"ಕೇಳಿದಷ್ಟು."

ಅವನಿಗೆ ಹೋದ ಜೀವ ಬಂದ ಹಾಗಾಯಿತು.

"ಬೈತಾರಾ?"

"ಬೆಳಗ್ಗೆಯಿಂದ ಸಂಜೆವರೆಗೂ!" ತಪ್ಪಿಲ್ಲದೆ ಪಾಠ ಒಪ್ಪಿಸಿದ ಖುಷಿಗೆ ಅವಳ ಮುಖ ಅರಳಿತ್ತು.

"ಅವ್ಳಿಗೆ ತಲೆ ಸರಿ ಇಲ್ಲ ಮೇಡಂ. ಈ ಅಜ್ಜೀನ ಕೇಳಿ" ಎಂದು ಸೀಟಿ ನನ್ನ ಕಡೆ ಕೈ ತೋರಿದ.

ನನ್ನನ್ನೂ ಕೆಳಗಿನಿಂದಲೇ ಕೇಳಿದರು. ಯಾವುದಕ್ಕೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೀಟಿ ಕಣ್ಣು ಮಿಟುಕಿಸಿದ. ನಾನೂ ಮಿಟುಕಿಸಿ, "ಯಾವತ್ತೂ ಇಲ್ಲ" ಎಂದೆ. ಕಾಲರು ಹೊಲಿಯುವವಳೂ ಹಾಗೇ ಒಪ್ಪಿಸಿದಳು. ತೋಳು ಹೊಲಿಯುವವಳು ಕೊನೆಯ ಉತ್ತರಕ್ಕೆ "ಭಾನುವಾರ ರಜ" ಎಂದು ಸೇರಿಸಿದಳು.

ಮೇಡಂ ಎಲ್ಲವನ್ನೂ ಬರೆದುಕೊಂಡು, ಬೀಗ ತೆಗೆಯಿರಿ ಎಂದರು. ಕೀ ಮಾಲೀಕರ ಮನೆಯಲ್ಲಿದೆ ಎಂದ ಸೀಟಿ. "ಸರಿ, ಮುಂದಿನ ಸಲ ನೋಡ್ತೀನಿ" ಎಂದು ಜ್ಯೂಸು ಕುಡಿದು ಕಾರು ಹತ್ತಿದರು. ಮುಂದಿನ ಸಲವೆಂದರೆ ಮುಂದಿನ ವರ್ಷ.

ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ, ಸೀಟಿ ನಾದಿನಿಯತ್ತ ತಿರುಗಿದ.

"ನಡಿಯೇ ಹೊರಗೆ! ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ಯಾಕ್ ಸಾರ್? ನೀವ್ ಹೇಳ್ಕೊಟ್ಟಿದ್ದನ್ನೇ ಹೇಳಿದ್ನಲ್ಲ, ಒಂದಕ್ಷರ ಬಿಟ್ಟಿಲ್ಲ."

"ನಡಿ ಅಂದೆ!"

ಅವಳು ಮುಂಬಾಗಿಲ ಕಡೆ ತಿರುಗಿದಳು.

"ಆ ಕಡೆ ಯಾಕೇ? ಬಾ ಇಲ್ಲಿ" ಎಂದೆ. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಎರಡೂ ಕೈಯಲ್ಲಿ ಎತ್ತಿ ಬೀಗಕ್ಕೆ ಬೀಸಿದೆ. ಬೀಗ ಜಗ್ಗಲಿಲ್ಲ, ನಾಲ್ಕನೇ ಏಟಿಗೆ ಚಿಲಕವೇ ಕಿತ್ತು ಬಂತು. ಬಾಗಿಲಿನಾಚೆ ಬಿಸಿಲು, ಒಂದು ಮೋರಿ, ಮಲಗಿದ್ದ ಒಂದು ನಾಯಿ.

"ಏಯ್ ಮುದುಕಿ, ಪೊಲೀಸರನ್ನ ಕರೆಸ್ತೀನಿ!"

"ಕರೆಸು ತಮ್ಮಾ. ಬಾಗ್ಲು ತೆಗೆದೇ ಇರುತ್ತೆ."

ಮೊದಲು ನಾದಿನಿ ದಾಟಿದಳು. ಅವಳ ಹಿಂದೆ ನಾನು, ತೋಳಿನವಳು, ಕಾಲರಿನವಳು, ಒಟ್ಟು ಇಪ್ಪತ್ತಮೂರು ಜನ. ಮನೆಯಲ್ಲಿ ಹಸುಗೂಸಿದ್ದವಳೊಬ್ಬಳು ಮಾತ್ರ ಉಳಿದಳು. ಅವಳನ್ನು ಯಾರೂ ಏನೂ ಅನ್ನಲಿಲ್ಲ. ಅವತ್ತು ಭಾನುವಾರವಲ್ಲ, ಮಂಗಳವಾರ.