ಪುಸ್ತಕದಾಗ ಹಂಗಿಲ್ಲ

ಟಿವಿ ಧಾರಾವಾಹಿಯಲ್ಲಿ ಸೊಸೆ ಎರಡನೆಯ ಸಲ ಸತ್ತಿದ್ದಳು. ಮೊದಲು ಕಾರು ಕಂದಕಕ್ಕೆ ಉರುಳಿ ಸತ್ತವಳು ಬೇರೆ ಮುಖ ಹೊತ್ತು ಮರಳಿದ್ದಳು. ಈಗ ವಿಷದ ಹಾಲು ಕುಡಿದಿದ್ದಳು. ಮನೆಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟುಕೊಂಡೇ ಅಳುತ್ತಿದ್ದರು.

"ಮತ್ತ ಬರ್ತಾಳೇನಕ್ಕಾ ಇಕಿ?" ಪಕ್ಕದ ಮನೆಯ ಸಲ್ಮಾ ಕೇಳಿದಳು.

"ಯಾರಿಗ್ಗೊತ್ತು," ಎಂದಳು ಬಸವಣ್ಣೆಮ್ಮ.

ಸಲ್ಮಾ ಸ್ವಲ್ಪ ಹೊತ್ತು ಕಾದಳು. ಇನ್ನೇನೂ ಬರಲಿಲ್ಲ. ಹಿಂದೆ ಹೀಗಿರಲಿಲ್ಲ. ಸಿಂಧನೂರಿನ ಆ ಓಣಿಯ ಹೆಂಗಸರು ಧಾರಾವಾಹಿಗಿಂತ ಹೆಚ್ಚಾಗಿ ಬಸವಣ್ಣೆಮ್ಮನ ಮಾತು ಕೇಳಲು ಬಂದು ಕೂಡುತ್ತಿದ್ದರು. "ಆ ಅತ್ತಿ ದಿನಾ ಅಡಗಿಮನ್ಯಾಗ ನಿಂತು ಸಂಚು ಮಾಡ್ತಾಳ, ಒಲಿ ಮ್ಯಾಲೆ ಒಂದು ಬೋಗಾಣಿ ಇಲ್ಲ. ಆ ಮನ್ಯಾಗಿನ ಮಂದಿ ಉಣ್ಣೋದೇನು?" ಎಂದರೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಮಗಳು ಭಾಗ್ಯಶ್ರೀ ತೀರಿಹೋದ ಮೇಲೆ ಅದು ನಿಂತಿತ್ತು. ಅವಳನ್ನು ಲಿಂಗಸುಗೂರಿನ ಕಾಲೇಜು ಮಾಸ್ತರ ಶಿವಕಾಂತನಿಗೆ ಕೊಟ್ಟಿದ್ದರು. ಹೋದ ಮಳೆಗಾಲದಲ್ಲಿ ಜ್ವರ ಬಂತು, ರಕ್ತದಲ್ಲಿ ಏನೋ ಕಡಿಮೆಯಾಯಿತೆಂದರು, ಮುಗಿಯಿತು. ಮಣ್ಣು ಮಾಡಿ ಬಂದ ದಿನ ಬಸವಣ್ಣೆಮ್ಮ ಅಳಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದವಳು, "ಹಾಲು ಫ್ರಿಜ್ಜಿನಾಗ ಇಟ್ಟೀರಿಲ್ಲೋ?" ಎಂದು ಕೇಳಿದಳು. ಮಸ್ಕಿಯಿಂದ ಬಂದ ನೆಂಟರು ಮುಖ ಮುಖ ನೋಡಿಕೊಂಡರು. ಅವಳ ದುಃಖ ಹಲ್ಲು ಕೀಳುವಾಗ ಸೂಜಿ ಕೊಟ್ಟ ಗಲ್ಲದ ಹಾಗಿತ್ತು, ಮುಟ್ಟಿದರೆ ಅಲ್ಲಿದೆಯೆಂದು ತಿಳಿಯುತ್ತಿತ್ತು, ತನ್ನದೆನ್ನಿಸುತ್ತಿರಲಿಲ್ಲ. ಅದು ಇನ್ನೂ ಹಾಗೇ ಇತ್ತು.

ಆ ಧಾರಾವಾಹಿ ನೋಡಿದ ಮರುದಿನ ರವಿವಾರ. ಊಟದ ಹೊತ್ತಿಗೆ ಶಿವಕಾಂತ ಬೈಕಿನ ಮೇಲೆ ಬಂದ. ಹೇಳಿ ಬಂದಿರಲಿಲ್ಲ. ಉಂಡ ಮೇಲೂ ಹೊರಡಲಿಲ್ಲ. ಮಾವ ಅಮರಗುಂಡಪ್ಪ ಭತ್ತದ ರೇಟಿನ ಮಾತು ತೆಗೆದರೆ "ಹೂಂನ್ರಿ" ಎಂದು ಸುಮ್ಮನಾಗುತ್ತಿದ್ದ. ಟಿವಿಯಲ್ಲಿ ಹೊಸ ಸಿನಿಮಾ ಶುರುವಾಯಿತು. ಶಿವಕಾಂತ ತಲೆಯೆತ್ತಿ, "ಇದು ಕಾದಂಬರಿ ಮ್ಯಾಲೆ ತಗದದ್ದು, ಪ್ರಶಸ್ತಿ ಬಂದೈತಿ," ಎಂದ.

ಬಸವಣ್ಣೆಮ್ಮನಿಗೆ ಹೆಸರು ನೋಡಿದ ಕೂಡಲೆ ಗೊತ್ತಾಗಿತ್ತು. ಅದು ಭಾಗ್ಯಾನ ಬಿ.ಎ.ಗೆ ಪಠ್ಯವಾಗಿತ್ತು. ಇವಳು ರೊಟ್ಟಿ ಬಡಿಯುತ್ತಿದ್ದರೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು.

ಸಿನಿಮಾದಲ್ಲಿ ಒಬ್ಬ ತಾಯಿ, ಅವಳಿಗೊಬ್ಬನೇ ಮಗ. ಮಗ ಬಾವಿಯಲ್ಲಿ ಬಿದ್ದು ಸತ್ತ. ಮಳೆ ಸುರಿಯತೊಡಗಿತು. ತಾಯಿ ಕೂದಲು ಬಿಚ್ಚಿಕೊಂಡು ಕೆಸರಿನಲ್ಲಿ ಓಡಿದಳು, ಬಿದ್ದಳು, ಎದೆ ಬಡಿದುಕೊಂಡಳು. ಹಿಂದಿನಿಂದ ಹಾಡು ಬಂತು. ಅಮರಗುಂಡಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. "ಎಷ್ಟು ಛಲೋ ಮಾಡ್ಯಾಳ ನೋಡು."

"ಪುಸ್ತಕದಾಗ ಹಂಗಿಲ್ಲ," ಎಂದಳು ಬಸವಣ್ಣೆಮ್ಮ.

ಇಬ್ಬರೂ ತಿರುಗಿ ನೋಡಿದರು. ಅವಳು ಟಿವಿಯನ್ನೇ ನೋಡುತ್ತಿದ್ದಳು.

"ಪುಸ್ತಕದಾಗ ಅಕಿ ಅಳಂಗಿಲ್ಲ. ಮಣ್ಣು ಮಾಡಿ ಮನಿಗೆ ಬರ್ತಾಳ. ಎಮ್ಮಿ ಒದರಾಕತ್ತಿರ್ತೈತಿ. ಕುಂತ ಮಂದಿಗೆ, 'ಒಂಚೂರು ಸರೀರಿ, ಮೇವು ಹಾಕ್ತೀನಿ' ಅಂತಾಳ. ಅಷ್ಟ."

"ನೀವು ಓದೀರೇನ್ರಿ?" ಶಿವಕಾಂತನ ದನಿ ಸಣ್ಣಗಾಗಿತ್ತು.

"ನಿನ್ನ ಹೇಣ್ತಿ ಓದಿ ಹೇಳ್ಯಾಳ. ಅಲ್ಲಿಗೆ ಬಂದಾಗ ಅಕಿಗೆ ಮುಂದ ಓದಾಕ ಆಗ್ಲಿಲ್ಲ, ಅತ್ತುಬಿಟ್ಲು. ನಾ ಬೈದೆ. ಇದೇನು ಹೆಣ್ಮಗಳೋ ಕಲ್ಲೋ, ಬರದಾಂವಗ ತಾಯಿ ಕರುಳು ಗೊತ್ತಿಲ್ಲ ಅಂದೆ. ಇರಬೌದು ಯವ್ವಾ, ಹಂಗೂ ಇರ್ತಾರ ಅಂದ್ಲು. ಎರಡು ದಿನ ಜಗಳಾಡಿದ್ವಿ." ಅವಳು ಸೆರಗು ಸರಿಮಾಡಿಕೊಂಡಳು. "ಅಕಿದ ಖರೆ ಐತಿ. ಬರದಾಂವಗ ಗೊತ್ತಿತ್ತು. ಈ ಸಿನಿಮಾದವರಿಗೆ ಗೊತ್ತಿಲ್ಲ."

ಅಮರಗುಂಡಪ್ಪ ಟವೆಲನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಇಷ್ಟು ತಿಂಗಳಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಜಾಹೀರಾತು ಬಂತು.

"ಅತ್ತಿಯವ್ರ," ಎಂದ ಶಿವಕಾಂತ. "ನಮ್ಮವ್ವ ಒಂದು ಕಡೆ ಲಗ್ನದ ಮಾತು ನಡಸ್ಯಾಳ. ಪಾಮನಕಲ್ಲೂರ ಕಡೆಯಾರು. ನಾ ಇನ್ನಾ ಏನೂ ಹೇಳಿಲ್ಲ. ನಿಮ್ಮನ್ನ ಕೇಳದ..."

ಅಮರಗುಂಡಪ್ಪ ಎದ್ದು ಹೊರಗೆ ಕಟ್ಟೆಗೆ ಹೋದ.

ಬಸವಣ್ಣೆಮ್ಮ ತನ್ನೊಳಗೆ ಏನಾದರೂ ಅಲುಗುತ್ತದೋ ಎಂದು ಕಾದಳು. ಏನೂ ಆಗಲಿಲ್ಲ. ಹುಡುಗ ಸೊರಗಿದ್ದ, ಅಂಗಿಯ ಕಾಲರು ಸರಿಯಾಗಿ ಇಸ್ತ್ರಿಯಾಗಿರಲಿಲ್ಲ. ಅದಷ್ಟು ಕಂಡಿತು.

"ಹುಡುಗಿ ಓದ್ಯಾಳೇನು?"

"ಪಿಯುಸಿ ಆಗೇತ್ರಿ."

"ಮಾಡ್ಕೊಳ್ಳಪ್ಪ. ಒಬ್ಬನ ಎಷ್ಟಂತ ಇರ್ತೀ."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಸಿನಿಮಾ ಮತ್ತೆ ಶುರುವಾಗಿ, ಆ ತಾಯಿ ಇನ್ನೂ ಅಳುತ್ತಲೇ ಇದ್ದಳು. ಬಸವಣ್ಣೆಮ್ಮ ಟಿವಿ ಆರಿಸಿದಳು.

ಶಿವಕಾಂತ ಮುಖ ತೊಳೆದುಕೊಂಡು ಹೊರಡಲು ಅಂಗಳಕ್ಕೆ ಬಂದಾಗ ಅವಳು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ದೊಡ್ಡದೊಂದು ಚಾದರ ಒಬ್ಬಳ ಕೈಗೆ ಸಿಗುತ್ತಿರಲಿಲ್ಲ.

"ಒಂಚೂರು ಹಿಡಿ," ಎಂದಳು.

ಅವನು ಆಚೆ ತುದಿ ಹಿಡಿದ. ಇಬ್ಬರೂ ಜಗ್ಗಿ ಒಮ್ಮೆ ಝಾಡಿಸಿದರು. ನಡುವಿಗೆ ಮಡಚಿ, ಅವನು ತನ್ನ ತುದಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಅವಳ ಹತ್ತಿರ ಬಂದ. ಅವಳು ಅವನ ಕೈಯಿಂದ ಆ ತುದಿ ಬಿಡಿಸಿಕೊಂಡು, ತನ್ನದಕ್ಕೆ ಸೇರಿಸಿ, ಬಿಸಿಲಿಗೆ ಬೆಚ್ಚಗಾಗಿದ್ದ ಚಾದರವನ್ನು ಎದೆಗೆ ಒತ್ತಿ ಹಿಡಿದು ಮೂಲೆ ಸರಿಮಾಡತೊಡಗಿದಳು.