ಚಿತ್ರದಲ್ಲಿದ್ದ ಬಾಗಿಲು

ನಮ್ಮ ಹೊಲಿಗೆ ಕಾರ್ಖಾನೆಯ ಗೋಡೆಗೆ ಮಾಲೀಕರು ಒಂದು ದೊಡ್ಡ ಚಿತ್ರ ತಂದು ಹಾಕಿಸಿದರು. ಬೆಂಕಿ ಉಗುಳುವ ಡ್ರ್ಯಾಗನ್, ಅದರೆದುರು ಕತ್ತಿ ಹಿಡಿದ ಯೋಧರು, ಯೋಧರ ಬೆನ್ನಿಗೆ ಕೋಟೆಗೋಡೆ. ನಮಗೆ ಹುರುಪು ಬರಲಿ ಅಂತಂತೆ. ನನ್ನ ತಂಗಿ ನೋಡಿದ್ದೇ ತಡ, "ಅಕ್ಕಾ, ಹಲ್ಲಿಗೆ ರೆಕ್ಕೆ ಬಂದಿದೆ ಕಣೇ!" ಎಂದು ಕಿಸಕ್ಕನೆ ನಕ್ಕಳು.

ಹುರುಪು ಯಾರಿಗೆ ಬೇಕಿತ್ತು? ನಮಗೆ ಬೇಕಿದ್ದದ್ದು ಹಿಂಬಾಗಿಲು. ಬಟ್ಟೆ ಕಳವಾಗುತ್ತದೆಂದು ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ಮಾಲೀಕರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ತಂಗಿಯ ಮೆಷಿನ್ ಇರುವುದು ಆ ಬಾಗಿಲ ಪಕ್ಕ, ಇಸ್ತ್ರಿ ಮೇಜಿನ ಹತ್ತಿರ. ಚಿತ್ರ ಬರುವುದಕ್ಕೆ ಒಂದು ವಾರ ಮುಂಚೆ ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟು ಹೊಗೆ ತುಂಬಿದಾಗ ಅವಳು ಬಾಗಿಲು ಬಡಿದು ಬಡಿದು ಕೈ ಊದಿಸಿಕೊಂಡಳು. ಮುಂಬಾಗಿಲಿಗೆ ಬರಬೇಕೆಂದರೆ ಬಟ್ಟೆಯ ಮೂಟೆಗಳನ್ನು ಹತ್ತಿ ಇಳಿಯಬೇಕು. ಬೀಗ ತೆಗೆಸಿ ಎಂದು ಕೇಳಿದ್ದಕ್ಕೆ ಮಾಲೀಕರು "ನೋಡೋಣಮ್ಮ" ಎಂದಿದ್ದರು. ಆ 'ನೋಡೋಣ' ಅಲ್ಲೇ ಕೊಳೆಯುತ್ತಿತ್ತು.

ಆವತ್ತು ಊಟದ ಬಿಡುವು ಮುಗಿಯುವ ಹೊತ್ತಿಗೆ ಮಾಲೀಕರು ಚಿತ್ರದೆದುರು ನಿಂತು ಭಾಷಣ ಶುರುಮಾಡಿದರು.

"ಈ ಡ್ರ್ಯಾಗನ್ ಅಂದ್ರೆ ನಮ್ಮ ಹೊಸ ಆರ್ಡರ್. ಮುಂದೆ ನಿಂತಿರೋನು ನಾನು, ಹಿಂದೆ ನೀವು. ಒಬ್ರಾದ್ರೂ ಹೆದರಿ ಓಡ್ತಿದ್ದಾರಾ ನೋಡಿ!"

ನನ್ನನ್ನು ಎಲ್ಲರೂ ಬಾಯಿಬಡುಕಿ ಅನ್ನುತ್ತಾರೆ. ಆ ಹೆಸರು ಉಳಿಸಿಕೊಳ್ಳಬೇಕಲ್ಲ?

"ಓಡೋದಾದ್ರೂ ಎಲ್ಲಿಗೆ ಸಾರ್?" ಎಂದೆ. "ಅವರ ಬೆನ್ನ ಹಿಂದೆ ಒಂದು ಬಾಗಿಲಿದೆ, ಸರಿಯಾಗಿ ನೋಡಿ. ಅಗುಳಿ ಹಾಕಿದೆ. ಬಾಗಿಲು ಹಾಕಿಬಿಟ್ರೆ ಹೇಡಿನೂ ಯೋಧನೇ!"

ಎಲ್ಲರ ಕತ್ತೂ ಚಿತ್ರದ ಕಡೆ ತಿರುಗಿತು. ಆಮೇಲೆ ಹಿಂಬಾಗಿಲ ಕಡೆ. ಮಾಲೀಕರ ಮುಖ ಕೆಂಪಾಯಿತು.

"ಬಾಯಿ ಮುಚ್ಕೊಂಡು ಮೆಷಿನ್ ಹಾಕು. ಆಗಲ್ಲ ಅಂದ್ರೆ ಮನೇಲಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಸೂಜಿಯ ಕೆಳಗೆ ಕೈ ಹಾಕಿ ಬಾಬಿನ್ ಕೇಸ್ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆ. ಕೆಳದಾರ ಕೊಡುವ ಆ ಪುಟ್ಟ ಡಬ್ಬಿ ಇಲ್ಲದೆ ಸೂಜಿ ಎಷ್ಟು ಕುಣಿದರೂ ಒಂದು ಹೊಲಿಗೆ ಬೀಳದು. ನಮ್ಮಲ್ಲಿ ಅವರವರ ಡಬ್ಬಿ ಅವರವರದು. ಇನ್ನೊಬ್ಬರದು ಹಾಕಿದರೆ ದಾರ ಗಂಟು ಕಟ್ಟುತ್ತದೆ. ತಂಗಿಯೂ ಊದಿದ ಕೈಯಲ್ಲೇ ತನ್ನದನ್ನು ಕಿತ್ತಳು. ಸಾಲಿನುದ್ದಕ್ಕೂ ಟಕ್, ಟಕ್ ಎಂದು ಸದ್ದಾಯಿತು.

"ಏನಿದು ನಾಟಕ? ಸಂಜೆ ಲಾರಿ ಬರುತ್ತೆ! ಕೊಡಿ ಇಲ್ಲಿ!"

"ಬೀಗದ ಕೈ ಕೊಡಿ, ಇದನ್ನ ತಗೊಳ್ಳಿ" ಎಂದೆ.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ, ಯಾವತ್ತೂ ಯಾರಿಗೂ ಎದುರಾಡದ ಮುದುಕಿ ಸೊಂಟ ಹಿಡಿದುಕೊಂಡು ಎದ್ದು ನಿಂತಳು. "ನಾವು ದುಡಿಯೋಕೆ ಸಂಬಳ ತಗೊಳ್ತೀವಿ ಕಣಪ್ಪ, ಸಾಯೋಕಲ್ಲ."

ಮಾಲೀಕರು ಒಬ್ಬೊಬ್ಬರ ಮುಖ ನೋಡಿದರು. ಯಾರೂ ತಲೆ ತಗ್ಗಿಸಲಿಲ್ಲ. ಕೊನೆಗೆ ಬೀಗದ ಕೈಯನ್ನು ಮೇಜಿನ ಮೇಲೆ ಬಿಸಾಕಿ ಹೊರಟುಹೋದರು.

ಬೀಗ ತೆಗೆದು, ತುಕ್ಕು ಹಿಡಿದ ಬಾಗಿಲಿಗೆ ನಾಲ್ಕು ಜನ ಭುಜ ಕೊಟ್ಟೆವು. ಗಾಳಿ ಒಳಗೆ ನುಗ್ಗಿತು. ತಂಗಿ ಆ ಬೀಗವನ್ನು ತಂದು ಚಿತ್ರದ ಮೊಳೆಗೇ ನೇತುಹಾಕಿದಳು. ಅದು ಇನ್ನೂ ಅಲ್ಲೇ ಇದೆ. ಮಾಲೀಕರು ದಿನಾ ಅದರೆದುರೇ ಓಡಾಡುತ್ತಾರೆ.

ಅದನ್ನು ತೆಗೆದು ಮತ್ತೆ ಬಾಗಿಲಿಗೆ ಹಾಕಲಿ, ನೋಡೋಣ!