ಒಕ್‌ಬುನ್‌ಳ ದವಡೆ ಹಲ್ಲು, ನಾನು ಹೇಳಿಕೊಟ್ಟ ಸುಳ್ಳು

ನಮ್ಮ ಬಂದರಿನಲ್ಲಿ ಅರವತ್ತು ದಾಟಿದವರ ಬಾಯಿ ತೆರೆಸಿ ನೋಡಿದರೆ ಎಲ್ಲರದೂ ಒಂದೇ ಪಾಡು. ಮುಂದಿನ ಹಲ್ಲು ಸವೆದಿರುತ್ತವೆ, ಹಿಂದಿನವು ಸೀಳು ಬಿಟ್ಟಿರುತ್ತವೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚಳಿ ಶುರುವಾಯಿತೆಂದರೆ ದಂಡೆಯುದ್ದಕ್ಕೂ ಬೊಂಡಾಸ್ ಅನ್ನುವ ಹತ್ತು ಕಾಲಿನ ಮೀನನ್ನು ಸೀಳಿ, ಬಿದಿರು ಕೋಲಿಗೆ ಸಿಕ್ಕಿಸಿ ಗಾಳಿಗೆ ಒಣಗಿಸುತ್ತೇವೆ. ಒಣಗಿದ ಮೇಲೆ ಅದು ಚಪ್ಪಲಿ ತೊಗಲಿನಷ್ಟು ಗಟ್ಟಿ. ಅದನ್ನೇ ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿಟ್ಟುಕೊಂಡು ಜಗಿಯುತ್ತ ಕೆಲಸ ಮಾಡುತ್ತೇವೆ.

ನನ್ನ ಹೆಸರು ಪಿಲ್‌ನಾಮ್. ಈ ಕಥೆ ನನ್ನ ಪಕ್ಕದ ಮನೆಯ ಒಕ್‌ಬುನ್‌ಳದು. ಇದರಲ್ಲಿ ಅರ್ಧ ತಪ್ಪು ನನ್ನದು. ಅದಕ್ಕೇ ಮಹಿಳಾ ಸಂಘದವರು ಇದನ್ನು ಬರೆದುಕೊಡಿ ಎಂದು ಕೇಳಿದಾಗ, ಬೇರೆಯವರು ಬರೆಯುವುದು ಬೇಡ, ನಾನೇ ಬರೆಯುತ್ತೇನೆ ಅಂದೆ.

ಮೀನು ಒಣಗಿಸುವ ಅಂಗಳದಲ್ಲಿ ಒಕ್‌ಬುನ್‌ಳ ಕೆಲಸ ಕಚ್ಚಿ ನೋಡುವುದು. ಕೊಳ್ಳುವವರು ಬಂದಾಗ ಕಂತೆಯಿಂದ ಒಂದು ಬೊಂಡಾಸ್ ಎಳೆದು, ಅದರ ದಪ್ಪ ಕಾಲನ್ನು ಎಡದವಡೆಗೆ ಕೊಟ್ಟು ಒಮ್ಮೆ ಕಚ್ಚುತ್ತಾಳೆ. ಒಣಗಿದೆ ಅಂದರೆ ಒಣಗಿದೆ, ಇನ್ನೂ ಒಂದು ದಿನ ಗಾಳಿ ಬೇಕು ಅಂದರೆ ಬೇಕು. ಇಪ್ಪತ್ತು ವರ್ಷದಿಂದ ಅವಳ ಮಾತಿಗೆ ಯಾರೂ ಎದುರಾಡಿಲ್ಲ. ಆ ಕೆಲಸ ಅವಳಿಗೆ ಎಷ್ಟು ಹೆಮ್ಮೆಯದೆಂದರೆ, ಮಗನ ಮದುವೆ ದಿನವೂ ಬೆಳಿಗ್ಗೆ ಬಂದು ಕಚ್ಚಿ ನೋಡಿಯೇ ರೇಷ್ಮೆ ಬಟ್ಟೆ ಉಡಲು ಹೋದವಳು.

ಅಂಥವಳ ಎಡಗಡೆಯ ಕೆಳ ದವಡೆ ಹಲ್ಲೊಂದು ಹುಳುಕು ಹತ್ತಿ, ಕೀಳಿಸಬೇಕಾಯಿತು. ಅಕ್ಕಪಕ್ಕದ ಎರಡೂ ಹಲ್ಲು ಚೆನ್ನಾಗಿದ್ದವು. ಪೇಟೆಯ ಡಾಕ್ಟರಮ್ಮ ಬ್ರಿಡ್ಜ್ ಹಾಕೋಣ ಅಂದರು. ಅಂದರೆ ಆ ಎರಡು ಹಲ್ಲನ್ನು ಸ್ವಲ್ಪ ತೇಯ್ದು ಕಂಬ ಮಾಡಿಕೊಂಡು, ಮೂರು ಹಲ್ಲಿನ ಒಂದೇ ತುಂಡನ್ನು ಅವುಗಳ ಮೇಲೆ ಕೂರಿಸುವುದು.

ಅದೇ ಹೊತ್ತಿಗೆ ನನ್ನ ಬಾಯಲ್ಲಿ ಹೊಸ ಹಲ್ಲೊಂದು ಮಿಂಚುತ್ತಿತ್ತು. ಮೀನಿನ ಪೆಟ್ಟಿಗೆ ಬಡಿದು ನನ್ನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಡಾಕ್ಟರಮ್ಮ ಅದಕ್ಕೆ ಗಾಜು ಬೆರೆತ ಸೆರಾಮಿಕ್ಕಿನ ಕ್ಯಾಪ್ ಹಾಕಿದ್ದರು. ಪಕ್ಕದ ನಿಜವಾದ ಹಲ್ಲಿನ ಜೊತೆ ಇಟ್ಟು ನೋಡಿದರೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಒಕ್‌ಬುನ್ ಪೇಟೆಗೆ ಹೋಗುವ ಬಸ್ಸಿನಲ್ಲಿ ಎಲ್ಲರೆದುರೇ ನನ್ನ ತುಟಿ ಎತ್ತಿ ನೋಡಿದಳು.

"ಅಕ್ಕ, ನಂಗೂ ಇಂಥದ್ದೇ ಬೇಕು. ನಾನು ನಕ್ಕಾಗ ಕಿವಿವರೆಗೂ ಹಲ್ಲು ಕಾಣುತ್ತೆ."

"ಕೇಳು, ಕೊಡ್ತಾರೆ. ಆದ್ರೆ ಒಂದು ಮಾತು. ಬೊಂಡಾಸ್ ಸುದ್ದಿ ಮಾತ್ರ ಎತ್ಬೇಡ."

"ಯಾಕೆ?"

"ಎತ್ತಿದ್ರೆ ಇನ್ಮೇಲೆ ಬಿಟ್ಬಿಡಿ ಅಂತಾರೆ. ನಮ್ಮೂರಲ್ಲಿ ಯಾರು ಹೇಳ್ತಾರೆ? ನಾನೂ ಹೇಳ್ಲಿಲ್ಲ."

ಇದು ನಿಜ. ನಮ್ಮೂರಿನವರು ಹಲ್ಲಿನ ಡಾಕ್ಟರ ಕುರ್ಚಿ ಏರಿದ ತಕ್ಷಣ ಎಲ್ಲರೂ ಗಂಜಿ ಕುಡಿಯುವವರಾಗುತ್ತೇವೆ. ಗಟ್ಟಿ ಪದಾರ್ಥ ಜಗಿಯುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಒಕ್‌ಬುನ್ ಗಂಜಿ, ಮೊಟ್ಟೆ, ಸೋಯಾ ಪನೀರ್ ಅಂದಳು. ರಾತ್ರಿ ಹಲ್ಲು ಕಡಿಯುತ್ತೀರಾ ಎಂದು ಕೇಳಿದರು. ಇಲ್ಲವೇ ಇಲ್ಲ ಅಂದಳು. ಅವಳು ಹಲ್ಲು ಕಡಿಯುವ ಸದ್ದು ನಮ್ಮ ಮನೆಗೇ ಕೇಳುತ್ತದೆ. ಇಷ್ಟು ಕೇಳಿದ ಮೇಲೆ ಡಾಕ್ಟರಮ್ಮ ಅವಳ ಆಸೆಯಂತೆ, ಒಳಗೆ ಗಟ್ಟಿ ಚೌಕಟ್ಟು, ಹೊರಗೆ ಹೊಳೆಯುವ ಪಿಂಗಾಣಿ ಪದರವಿರುವ ಬ್ರಿಡ್ಜ್ ಮಾಡಿಸಿಕೊಟ್ಟರು. ಚೆಂದವಾಗಿಯೇ ಇತ್ತು. ಒಕ್‌ಬುನ್ ಏಳು ತಿಂಗಳು ಸುಮ್ಮಸುಮ್ಮನೆ ನಕ್ಕಳು.

ಎಂಟನೇ ತಿಂಗಳು ಬೊಂಡಾಸ್ ಕಾಲ ಬಂತು. ಕೊಳ್ಳುವವರ ಎದುರು ಅವಳು ಕಾಲು ಕಚ್ಚಿದಳು, ಕಟ್ ಅಂತು. ಬೊಂಡಾಸ್ ಕಾಲು ಮುರಿಯಿತೇನೋ ಅಂದುಕೊಂಡೆ. ಅವಳು ಅಂಗೈಗೆ ಉಗುಳಿದಾಗ ಅದರಲ್ಲಿ ಬಿಳಿ ಚೂರು ಇತ್ತು. ಮುಖ ಆ ಚೂರಿಗಿಂತ ಬೆಳ್ಳಗಾಗಿತ್ತು.

ಡಾಕ್ಟರಮ್ಮ ಎಕ್ಸ್‌ರೇ ತೆಗೆದು ನೋಡಿ ಹೇಳಿದ್ದು ಇಷ್ಟು: ಮೇಲಿನ ಪದರ ಮಾತ್ರ ಎದ್ದುಹೋಗಿದೆ, ಕಂಬದ ಹಲ್ಲೆರಡೂ ಇನ್ನೂ ಗಟ್ಟಿಯಾಗಿವೆ, ಬೇಗ ಬಂದರೆ ಹೊಸ ಬ್ರಿಡ್ಜ್ ಕೂರಿಸಬಹುದು. ಹೀಗೇ ಬಿಟ್ಟು ಆ ಹಲ್ಲುಗಳೂ ಕೆಟ್ಟರೆ ಬ್ರಿಡ್ಜಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಒಕ್‌ಬುನ್ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಚೂಪಾದ ಅಂಚು ನಾಲಿಗೆ ಗೀರುತ್ತಿತ್ತು. ನಾವೆಲ್ಲ ಕತ್ತರಿಯಲ್ಲಿ ಮಾಂಸ ಕತ್ತರಿಸಿ ತಿನ್ನುವವರೇ, ಆದರೆ ಅವಳು ಅನ್ನದ ಜೊತೆಗಿನ ಸೊಪ್ಪನ್ನೂ ಕತ್ತರಿಯಲ್ಲಿ ಚೂರುಚೂರು ಮಾಡತೊಡಗಿದಳು. ಅಂಗಳದಲ್ಲಿ ಕೊಳ್ಳುವವರು ಬಂದರೆ ಬಲೆ ಸರಿಮಾಡುವ ನೆವದಲ್ಲಿ ಹಿಂದೆ ಸರಿಯುತ್ತಿದ್ದಳು. ಸುಳ್ಳು ಹೇಳಿಕೊಟ್ಟವಳು ನಾನಲ್ಲವೇ?

ನವೆಂಬರ್ ಕೊನೆಗೆ ವರ್ಷಕ್ಕಾಗುವ ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿ, ಹಾಕುವ ಕೆಲಸ ಬಂತು. ನಮ್ಮ ಮನೆ ಅಂಗಳದಲ್ಲಿ ಉಪ್ಪು ಹಾಕಿದ ಎಲೆಕೋಸಿನ ರಾಶಿ. ಕೈಗವಸು ತೊಟ್ಟು ಖಾರ ಸವರಲು ಕೂತವರಲ್ಲಿ ಹ್ಯೆರಿಮ್ ಕೂಡ ಇದ್ದಳು. ಬಲೆ ಹೆಣೆಯುವ ಮನೆಯ ಮಗಳು, ನಗರದ ಲ್ಯಾಬಿನಲ್ಲಿ ಹಲ್ಲು ತಯಾರಿಸುವುದೇ ಅವಳ ಕಸುಬು. ಡಾಕ್ಟರು ಅಳತೆ ಕಳಿಸಿದರೆ ಇವಳು ಹಲ್ಲು ಮಾಡಿ ಕಳಿಸುತ್ತಾಳೆ. ತಾಯಿಗೆ ಸಹಾಯ ಮಾಡಲು ಊರಿಗೆ ಬಂದಿದ್ದಳು.

ನಾನು ಖಾರ ಹಚ್ಚಿದ ಮೂಲಂಗಿ ಹೋಳೊಂದನ್ನು ಒಕ್‌ಬುನ್ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು.

"ಏನ್ ಚಿಕ್ಕಮ್ಮ, ಮುನಿಸಾ?" ಎಂದಳು ಹ್ಯೆರಿಮ್.

"ಮುನಿಸು ನಿಮ್ಮಂಥೋರ ಮೇಲೆ ಕಣೆ. ಸೆರಾಮಿಕ್ಕು ಅಂತ ಹೇಳಿ ಮೋಸ ಮಾಡ್ತೀರ. ಎಲ್ಲಾ ಕಿತ್ತಾಕಿಸ್ಬಿಡ್ತೀನಿ."

"ಎಲ್ಲಿ, ಬಾಯಿ ತೆಗೀರಿ."

ಅವಳು ಮೊಬೈಲ್ ಬೆಳಕು ಹಾಕಿ ನೋಡಿದಳು. ಆಮೇಲೆ ಕೇಳಿದಳು, "ಡಾಕ್ಟ್ರಿಗೆ ಏನಂತ ಹೇಳಿದ್ರಿ? ಏನು ತಿಂತೀನಿ ಅಂತ?"

ಒಕ್‌ಬುನ್ ನನ್ನನ್ನು ನೋಡಿದಳು. ನಾನು ಎಲೆಕೋಸನ್ನು ನೋಡಿದೆ.

"ಗಂಜಿ," ಅಂದಳು ಒಕ್‌ಬುನ್.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಹ್ಯೆರಿಮ್ ನಗಲಿಲ್ಲ. ಪಕ್ಕದಲ್ಲಿದ್ದ ಕಿಮ್ಚಿ ಭರಣಿಯನ್ನು ಬೆರಳಲ್ಲಿ ತಟ್ಟಿದಳು.

"ಚಿಕ್ಕಮ್ಮ, ಇದೂ ಮಣ್ಣು ಸುಟ್ಟು ಮಾಡಿದ್ದೇ. ಹಿರಿಯರ ಎಡೆಗೆ ಇಡ್ತೀರಲ್ಲ, ಆ ತೆಳು ಬಿಳಿ ಬಟ್ಟಲು, ಅದೂ ಮಣ್ಣು ಸುಟ್ಟಿದ್ದೇ. ಆ ಬಟ್ಟಲಲ್ಲಿ ಕಿಮ್ಚಿ ತುಂಬಿ ಮೇಲೆ ಕಲ್ಲು ಹೇರ್ತೀರಾ?"

"ತಲೆ ಕೆಟ್ಟಿದ್ಯಾ ನಂಗೆ?"

"ಹಲ್ಲಿನ ವಿಷಯದಲ್ಲಿ ಅದನ್ನೇ ಮಾಡಿದ್ದೀರ. ಸೆರಾಮಿಕ್ ಅಂದ್ರೆ ಒಂದೇ ಅಲ್ಲ. ಪಿಲ್‌ನಾಮ್ ದೊಡ್ಡಮ್ಮಂಗೆ ಹಾಕಿರೋದು ಮುಂದಿನ ಹಲ್ಲಿಗೆ ಚೆನ್ನ. ಬೆಳಕು ಒಳಗೆ ಹಾಯುತ್ತೆ, ಸಹಜವಾಗಿ ಕಾಣುತ್ತೆ. ಮುಂದೆ ಅಷ್ಟು ಭಾರ ಬೀಳಲ್ಲ. ಹಿಂದೆ ದವಡೆಗೆ, ಅದ್ರಲ್ಲೂ ಮಧ್ಯೆ ಹಲ್ಲೇ ಇಲ್ದೆ ತೂಗೋ ಬ್ರಿಡ್ಜಿಗೆ, ಜಿರ್ಕೋನಿಯಾ ಅಂತ ಇದೆ. ತುಂಬಾ ಗಟ್ಟಿ. ಮೇಲೆ ಪದರ ಹಚ್ಚದೆ ಒಂದೇ ಗಟ್ಟಿ ತುಂಡಿಂದ ಕೊರೆದು ಮಾಡ್ತೀವಿ. ಪದರಾನೇ ಇಲ್ದಿದ್ರೆ ಏಳೋದು ಎಲ್ಲಿಂದ?"

"ಅಂದ್ರೆ ಅಕ್ಕಂಗೆ ಮುತ್ತು, ನಂಗೆ ಸುಣ್ಣದ ಕಲ್ಲು."

"ಮೊದ್ಲು ಹಾಗೇ ಇತ್ತು, ಗೋಡೆ ಥರ ಬೆಳ್ಳಗೆ. ಈಗ ನಿಮ್ಮ ಹಲ್ಲಿನ ಬಣ್ಣಕ್ಕೇ ಮಾಡ್ತೀವಿ. ಪಕ್ಕದಲ್ಲಿ ಕೂತು ನೋಡಿದ್ರೆ ಸ್ವಲ್ಪ ವ್ಯತ್ಯಾಸ ಕಾಣಬಹುದು, ಸುಳ್ಳು ಹೇಳಲ್ಲ. ಇನ್ನೊಂದು ವಿಷಯ, ಜಿರ್ಕೋನಿಯಾದಲ್ಲೂ ಬೇರೆ ಬೇರೆ ಇದೆ. ಹೆಚ್ಚು ಹೊಳೆಯೋದರಲ್ಲಿ ಗಟ್ಟಿತನ ಸ್ವಲ್ಪ ಕಮ್ಮಿ. ಹಿಂದಿನ ಬ್ರಿಡ್ಜಿಗೆ ಯಾವುದು ಹಾಕ್ತೀರಿ ಅಂತ ಕೇಳ್ಬೇಕು."

ಒಕ್‌ಬುನ್ ಸೋಲುವವಳಲ್ಲ. "ಅಷ್ಟು ಗಟ್ಟಿ ಅಂದ್ರೆ ಮೇಲಿರೋ ನನ್ನ ಸ್ವಂತ ಹಲ್ಲು ತಿಂದ್ಹಾಕಲ್ವಾ?"

"ಒಳ್ಳೇ ಪ್ರಶ್ನೆ. ಕನ್ನಡಿ ಥರ ನುಣುಪು ಮಾಡಿದ್ರೆ ಅಷ್ಟು ಸವೆಸಲ್ಲ. ಒರಟಾಗಿ ಬಿಟ್ರೆ ಮಾತ್ರ ಉಜ್ಜಿಹಾಕುತ್ತೆ. ಕೂರಿಸೋವಾಗ ಡಾಕ್ಟ್ರು ಎತ್ತರ ನೋಡಿ ತೇಯ್ತಾರೆ. ತೇಯ್ದ ಜಾಗನ ಮತ್ತೆ ನುಣುಪು ಮಾಡಿ ಅಂತ ಕೇಳಿ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ."

"ಮತ್ತೆ ಬೊಂಡಾಸ್ ಬಿಡು ಅಂದ್ರೆ?"

ಅವಳ ದನಿ ಸಣ್ಣದಾಯಿತು. ಅವಳಿಗೆ ಹೆದರಿಕೆ ಇದ್ದದ್ದು ಅದೊಂದಕ್ಕೇ. ಕಚ್ಚಿ ನೋಡುವ ಕೆಲಸ ಹೋದರೆ ಅಂಗಳದಲ್ಲಿ ತಾನು ಯಾರು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಹ್ಯೆರಿಮ್ ಕೈಗವಸು ತೆಗೆದಿಟ್ಟಳು. "ಚಿಕ್ಕಮ್ಮ, ನಾನು ಲ್ಯಾಬಲ್ಲಿ ಕೂತು ಹಲ್ಲು ಮಾಡೋಳು. ನಿಮ್ಮ ಮುಖ ನಂಗೆ ಕಾಣಲ್ಲ. ಡಾಕ್ಟ್ರು ಚೀಟೀಲಿ ಬರೆದಿದ್ದಷ್ಟೇ ಗೊತ್ತಾಗೋದು. ನೀವು ಗಂಜಿ ಅಂದ್ರೆ, ನಾನು ಗಂಜಿ ಕುಡಿಯೋ ಹಲ್ಲೇ ಮಾಡ್ತೀನಿ."

ಆಗ ನನಗೆ ತಡೆಯಲಾಗಲಿಲ್ಲ. "ಗಂಜಿ ಅನ್ನು ಅಂತ ಹೇಳಿಕೊಟ್ಟಿದ್ದು ನಾನೇ. ನಾಳೆ ಇವಳ ಜೊತೆ ಪೇಟೆಗೆ ನಾನೂ ಹೋಗ್ತೀನಿ," ಅಂದೆ. ಒಕ್‌ಬುನ್ ಖಾರದ ಕೈಯಲ್ಲೇ ನನ್ನ ತೋಳಿಗೊಂದು ಬಿಟ್ಟಳು. ಆ ಅಂಗಿಯ ಕಲೆ ಇನ್ನೂ ಹೋಗಿಲ್ಲ.

ಮರುದಿನ ಡಾಕ್ಟರಮ್ಮನ ಎದುರು ಅವಳು ಎಲ್ಲವನ್ನೂ ಒಪ್ಪಿಕೊಂಡಳು. ಬೊಂಡಾಸ್ ಕಾಲು, ಎಡದವಡೆ, ಹಲ್ಲು ಕಡಿಯುವುದು, ಎಲ್ಲ. ಬೈಗುಳಕ್ಕೆ ಕಾಯುತ್ತ ಕಣ್ಣು ಮುಚ್ಚಿಕೊಂಡೇ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. "ಇದನ್ನ ಮೊದ್ಲೇ ಹೇಳಿದ್ರೆ ಆ ಬ್ರಿಡ್ಜ್ ಹಾಕ್ತಾನೇ ಇರ್ಲಿಲ್ಲ," ಅಂದರು. ಹಳೆಯದನ್ನು ಬಿಡಿಸಿ, ಕಂಬದ ಹಲ್ಲುಗಳನ್ನು ಪರೀಕ್ಷಿಸಿ, ಒಂದೇ ತುಂಡಿನ ಜಿರ್ಕೋನಿಯಾ ಬ್ರಿಡ್ಜಿಗೆ ಅಳತೆ ತೆಗೆದುಕೊಂಡರು. ಮಲಗುವಾಗ ಹಾಕಿಕೊಳ್ಳಲು ಹಲ್ಲಿಗೊಂದು ಕವಚ ಕೊಡುತ್ತೇನೆ ಅಂದರು. ಬೊಂಡಾಸ್ ಬಿಡಿ ಎಂದೂ ಹೇಳಲಿಲ್ಲ. ದಪ್ಪ ಕಾಲನ್ನು ಹಲ್ಲಿನಿಂದ ಎಳೆದು ಹರಿಯಬೇಡಿ, ಕೈಯಲ್ಲಿ ಸಣ್ಣ ಎಳೆ ಸೀಳಿಕೊಂಡು ಜಗಿಯಿರಿ, ದಿನವಿಡೀ ಜಗಿಯಬೇಡಿ ಅಂದರು. ಕೊನೆಗೆ ಇನ್ನೊಂದು ಮಾತು ಸೇರಿಸಿದರು. ಸೆರಾಮಿಕ್ಕಿಗೆ ಹುಳುಕು ಹತ್ತುವುದಿಲ್ಲ, ಅದರ ಅಡಿಯಲ್ಲಿರುವ ನಿಮ್ಮ ಸ್ವಂತ ಹಲ್ಲಿಗೆ ಹತ್ತುತ್ತದೆ, ಬ್ರಿಡ್ಜಿನ ಕೆಳಗೆ ದಾರ ಹಾಯಿಸಿ ದಿನವೂ ಶುಚಿ ಮಾಡಿ ಅಂದರು.

ಹೊಸ ಬ್ರಿಡ್ಜ್ ಕೂತ ಮೇಲೆ, ಡಿಸೆಂಬರಿನಲ್ಲಿ ಕೊಳ್ಳುವವರು ಬಂದರು. ಬೊಂಡಾಸ್ ಕಂತೆ ಬಿಚ್ಚಿದಾಗ ಎಲ್ಲರೂ ಒಕ್‌ಬುನ್ ಕಡೆ ನೋಡಿದೆವು. ಅವಳು ಮುಂದೆ ಬಂದು ಒಂದು ಬೊಂಡಾಸ್ ಎಳೆದಳು. ಕೈಯಲ್ಲಿ ತೆಳ್ಳಗೆ ಒಂದು ಎಳೆ ಸೀಳಿ, ಎಡದವಡೆಗಿಟ್ಟು ಮೆಲ್ಲಗೆ ಕಚ್ಚಿದಳು. ಮತ್ತೆ ಕಟ್ ಅನ್ನುತ್ತದೇನೋ ಎಂದು ಕಿವಿಗೊಟ್ಟೆ. ಯಾವ ಸದ್ದೂ ಬರಲಿಲ್ಲ.

"ಇನ್ನೂ ಒಂದು ದಿನ ಗಾಳಿ ಬೇಕು," ಅಂದಳು.

ಯಾರೂ ಎದುರಾಡಲಿಲ್ಲ. ನನಗೆ ಅಳು ಬಂತು, ತಪ್ಪನ್ನು ಕಡಲ ಗಾಳಿಯ ಮೇಲೆ ಹಾಕಿದೆ.

ಕಳೆದ ವಾರ ನನ್ನ ಮುಂದಿನ ಹಲ್ಲು ತೋರಿಸಲು ಹೋಗಿದ್ದೆ. ಜೊತೆಗೆ ಒಕ್‌ಬುನ್ ಬಂದಿದ್ದಳು. ಡಾಕ್ಟರಮ್ಮ ಎಂದಿನಂತೆ ಕೇಳಿದರು, "ಗಟ್ಟಿ ಪದಾರ್ಥ ಏನಾದ್ರೂ ಕಚ್ತೀರಾ?" ಅಭ್ಯಾಸ ಬಲ, ನನ್ನ ಬಾಯಿಂದ "ಇಲ್ಲಮ್ಮ, ಗಂಜಿ" ಎಂದು ಬಂದೇಬಿಟ್ಟಿತು. ಒಕ್‌ಬುನ್ ಎದ್ದು ಬಂದು ನನ್ನ ಕೋಟಿನ ಜೇಬಿಗೆ ಕೈ ಹಾಕಿ, ಒಣ ಬೊಂಡಾಸ್ ಕಾಲನ್ನು ಎಳೆದು ಡಾಕ್ಟರಮ್ಮನ ತಟ್ಟೆಯಲ್ಲಿಟ್ಟಳು.

"ಇದೇ ನೋಡಿ ಡಾಕ್ಟ್ರೇ, ಅಕ್ಕನ ಗಂಜಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕ್ಯಾಪೋ ಬ್ರಿಡ್ಜೋ ಹಾಕಿಸಲು ಹೊರಟಿದ್ದರೆ ಪಕ್ಕದ ಮನೆಯವರ ಹಲ್ಲು ನೋಡಿ ಅದೇ ಬೇಕೆಂದು ಹಟ ಹಿಡಿಯಬೇಡಿ. ನಿಮ್ಮದು ಮುಂದಿನ ಹಲ್ಲೋ ಹಿಂದಿನದೋ, ಒಂಟಿ ಹಲ್ಲೋ ಬ್ರಿಡ್ಜೋ, ಅದಕ್ಕೆ ಯಾವ ಸೆರಾಮಿಕ್ ಸರಿ, ಯಾಕೆ ಸರಿ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅದಕ್ಕೂ ಮೊದಲು, ನೀವು ದಿನವೂ ಏನು ಜಗಿಯುತ್ತೀರೋ ಅದನ್ನು ಇದ್ದದ್ದು ಇದ್ದಂತೆ ಹೇಳಿ. ಹೇಳಲು ನಾಚಿಕೆಯಾದರೆ ಒಕ್‌ಬುನ್‌ಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅವಳು ನಿಮ್ಮ ಜೇಬನ್ನೂ ತಡಕುತ್ತಾಳೆ.